ಅನ್ನ ಬಿಟ್ಟೆ, ದಿನಾ ನಡೆಯುತ್ತೇನೆ, ಆದರೂ ತೂಕ ಯಾಕೆ ಇಳಿಯುತ್ತಿಲ್ಲ?

ಪ್ರಶ್ನೆ: ನನಗೆ 42 ವರ್ಷ, ಎತ್ತರ 158 ಸೆಂ.ಮೀ. ಊರು ಬಾಗಲಕೋಟೆ ಕಡೆ, ಮದುವೆಯಾದಾಗಿನಿಂದ ಮುಂಬಯಿ ಹತ್ತಿರದ ಡೊಂಬಿವಲಿ. ಮನೆಯಲ್ಲಿ ನಾಲ್ಕು ಜನ. ಐದು ತಿಂಗಳ ಹಿಂದೆ 77 ಕೆ.ಜಿ. ಇದ್ದೆ. ಅನ್ನ ಬಿಟ್ಟೆ, ಚಹಾಕ್ಕೆ ಸಕ್ಕರೆ ಬಿಟ್ಟೆ. ಮಧ್ಯಾಹ್ನ ಎರಡು ಜೋಳದ ರೊಟ್ಟಿ, ರಾತ್ರಿ ಎರಡು ಚಪಾತಿ, ಪಲ್ಯ, ಬೇಳೆ. ದಿನಾ 45 ನಿಮಿಷ ನಡಿಗೆ. ಮೊದಲ ತಿಂಗಳು 3 ಕೆ.ಜಿ. ಇಳಿಯಿತು, ಆಮೇಲೆ 74ಕ್ಕೆ ನಿಂತುಬಿಟ್ಟಿದೆ. ಥೈರಾಯ್ಡ್ ಟೆಸ್ಟ್ ನಾರ್ಮಲ್. ಇನ್ನೇನು ಬಿಡಬೇಕು?

ಉತ್ತರ: ಸದ್ಯಕ್ಕೆ ಏನನ್ನೂ ಬಿಡಬೇಡಿ. ಎರಡು ವಾರ ಅಳೆದು ನೋಡಿ. ಬಿಟ್ಟ ಪದಾರ್ಥಗಳ ಪಟ್ಟಿ ನಿಮ್ಮ ಬಳಿ ಇದೆ, ತಿಂದ ಪದಾರ್ಥಗಳ ಲೆಕ್ಕ ಇಲ್ಲ. ಇಂಥ ಪ್ರಶ್ನೆ ಕೇಳುವ ಬಹುತೇಕರ ಗಂಟು ಇಲ್ಲೇ ಇರುತ್ತದೆ.

ಇದು ಆರೋಪವಲ್ಲ. 1992ರಲ್ಲಿ ನ್ಯೂಯಾರ್ಕಿನ ವೈದ್ಯರು ಇಂಥವರನ್ನೇ ಆರಿಸಿ ಪರೀಕ್ಷೆ ಮಾಡಿದ್ದರು. ದಿನಕ್ಕೆ 1200 ಕ್ಯಾಲರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದ ಜನ ಅವರು. ದೇಹ ಖರ್ಚು ಮಾಡುವ ಶಕ್ತಿಯನ್ನು ವಿಶೇಷ ನೀರು ಕುಡಿಸಿ ಅಳೆದಾಗ ಯಾರ ದೇಹದಲ್ಲೂ ದೋಷ ಕಾಣಲಿಲ್ಲ. ತಿಂದದ್ದನ್ನು ಅವರು ಸರಾಸರಿ ಶೇ. 47ರಷ್ಟು ಕಡಿಮೆ ಬರೆದಿದ್ದರು, ದೈಹಿಕ ಚಟುವಟಿಕೆಯನ್ನು ಶೇ. 51ರಷ್ಟು ಹೆಚ್ಚು ಬರೆದಿದ್ದರು. ಬೇಕಂತಲೇ ಸುಳ್ಳು ಹೇಳುವ ಜನರಲ್ಲ ಅವರು. ಕಣ್ಣಳತೆ ಎಲ್ಲರಿಗೂ ಹೀಗೇ ಕೈಕೊಡುತ್ತದೆ.

ಮೊದಲು ನಿಮ್ಮ ದೇಹದ ಖರ್ಚು ನೋಡೋಣ. ಹೆಂಗಸರಿಗೆ ಒಂದು ಸರಳ ಸೂತ್ರ ಇದೆ: ತೂಕವನ್ನು 10ರಿಂದ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಿ, ಅದರಿಂದ ವಯಸ್ಸಿನ ಐದು ಪಟ್ಟು ಕಳೆದು, ಮತ್ತೆ 161 ಕಳೆಯಿರಿ. (ಗಂಡಸರಾದರೆ ಕೊನೆಗೆ 161 ಕಳೆಯುವ ಬದಲು 5 ಕೂಡಿಸಬೇಕು.) ನಿಮಗೆ ಬರುವುದು ಸುಮಾರು 1356 ಕ್ಯಾಲರಿ. ಸುಮ್ಮನೆ ಮಲಗಿದ್ದರೂ ದೇಹಕ್ಕೆ ಅಷ್ಟು ಬೇಕು. ಕುರ್ಚಿ ಕೆಲಸ, ಮನೆಗೆಲಸ, ಸ್ಟೇಷನ್ನಿನ ಮೆಟ್ಟಿಲು ಎಲ್ಲ ಸೇರಿ ಇದನ್ನು 1.3ರಿಂದ ಗುಣಿಸಿದರೆ ಸುಮಾರು 1750. ಇದೇ ಲೆಕ್ಕವನ್ನು 77 ಕೆ.ಜಿ.ಗೆ ಹಾಕಿದರೆ ಸಿಗುವ ವ್ಯತ್ಯಾಸ ದಿನಕ್ಕೆ ಬರೀ 40 ಕ್ಯಾಲರಿ. ಕಡಿಮೆ ತಿನ್ನುವಾಗ ದೇಹ ಇದಕ್ಕಿಂತ ಸ್ವಲ್ಪ ಹೆಚ್ಚೇ ಜಿಪುಣತನ ಮಾಡುತ್ತದೆ, ನಾವೂ ಗೊತ್ತಿಲ್ಲದಂತೆ ಕಡಿಮೆ ಓಡಾಡುತ್ತೇವೆ. ಹಾಗಂತ ‘ಮೆಟಬಾಲಿಸಂ ನಿಂತುಹೋಗಿದೆ’ ಎನ್ನುವುದು ಜಿಮ್ಮಿನ ಮಾತು. ಮೂರು ಕಿಲೋ ಇಳಿದದ್ದಕ್ಕೆ ಅದು ನಿಲ್ಲುವುದಿಲ್ಲ.

ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲರಿ ಇರುತ್ತದೆ. ದಿನಕ್ಕೆ 400 ಕಡಿಮೆ ತಿಂದರೆ ತಿಂಗಳಿಗೆ ಒಂದೂವರೆ ಕಿಲೋ ಇಳಿಯಬೇಕು. ಮೂರ್ನಾಲ್ಕು ತಿಂಗಳಿಂದ ಮುಳ್ಳು ಅಲ್ಲಾಡಿಲ್ಲ ಎಂದರೆ ನಿಮ್ಮ ಊಟ 1350 ಅಲ್ಲ, 1750ರ ಆಸುಪಾಸಿನಲ್ಲೇ ಇದೆ. ಆ 400 ಎಲ್ಲಿ ಅಡಗಿದೆ?

ಎಣ್ಣೆ ಕ್ಯಾನಿನಿಂದ ಶುರುಮಾಡಿ. ಐದು ಲೀಟರಿನ ಕ್ಯಾನು ಒಡೆದ ತಾರೀಖನ್ನು ಅದರ ಮೇಲೇ ಪೆನ್ನಿನಿಂದ ಬರೆದಿಡಿ. ನಾಲ್ಕು ಜನರ ಮನೆಯಲ್ಲಿ ಅದು ಒಂದು ತಿಂಗಳಿಗೆ ಮುಗಿದರೆ ತಲೆಗೆ ದಿನಕ್ಕೆ ಸುಮಾರು 42 ಮಿ.ಲೀ. ಆಯಿತು, ಅಂದರೆ 340 ಕ್ಯಾಲರಿಯ ಮೇಲೆ. ತುಪ್ಪ, ಹೊರಗಿನ ತಿಂಡಿ ಇದರಲ್ಲಿ ಸೇರಿಲ್ಲ. ಒಬ್ಬರಿಗೆ ದಿನಕ್ಕೆ 25 ಮಿ.ಲೀ. ಸಾಕು, ಅಂದರೆ ನಾಲ್ಕು ಜನರಿಗೆ ತಿಂಗಳಿಗೆ ಮೂರು ಲೀಟರು. ಯಾವ ಎಣ್ಣೆ ಎನ್ನುವುದು ಇಲ್ಲಿ ಮುಖ್ಯವಲ್ಲ. ಕುಸುಬೆ, ಶೇಂಗಾ, ಸೂರ್ಯಕಾಂತಿ, ಆಲಿವ್, ಎಲ್ಲಕ್ಕೂ ಗ್ರಾಮಿಗೆ 9 ಕ್ಯಾಲರಿಯೇ. ಗಾಣದ ಎಣ್ಣೆಗೂ ರಿಯಾಯಿತಿ ಇಲ್ಲ.

ಈಗ ಪಲ್ಯದ ಬಾಣಲೆಗೆ ಬರೋಣ. ನಾಲ್ಕು ಜನರಿಗೆ ಬದನೆಕಾಯಿ ಎಣಗಾಯಿ ಮಾಡಿದಿರಿ ಎಂದುಕೊಳ್ಳಿ. ಬದನೆ 400 ಗ್ರಾಂ, ಅದರಲ್ಲಿ ಸುಮಾರು 100 ಕ್ಯಾಲರಿ. ಹುರಿದ ಶೇಂಗಾ 60 ಗ್ರಾಂ, ಅದು 340. ಒಣಕೊಬ್ಬರಿ 20 ಗ್ರಾಂ, 130. ಎಳ್ಳು 15 ಗ್ರಾಂ, 85. ಎಣ್ಣೆ ಐದು ದೊಡ್ಡ ಚಮಚ, 600. ಒಟ್ಟು 1250ರ ಮೇಲೆ ಹೋಯಿತು, ತಲೆಗೆ 310. ಬದನೆಯ ಪಾಲು ಅದರಲ್ಲಿ 25 ಮಾತ್ರ! ಡೈರಿಯಲ್ಲಿ ಇದು ‘ಬದನೆ ಪಲ್ಯ, ಒಂದು ವಾಟಿ’ ಅಂತ ಕೂತಿರುತ್ತದೆ, ಆ್ಯಪಿನಲ್ಲಿ ಹುಡುಕಿದರೆ ಯಾರದೋ ಮನೆಯ ಸಪ್ಪೆ ಬದನೆಯ 90 ಕ್ಯಾಲರಿ ತೋರಿಸುತ್ತದೆ. ಪಕ್ಕದಲ್ಲಿ ಎರಡು ಚಮಚ ಶೇಂಗಾ ಹಿಂಡಿ (ಚಟ್ನಿಪುಡಿ) ಬಿದ್ದರೆ ಇನ್ನೊಂದು 100, ಹಿಂಡಿಯ ಮೇಲೆ ಒಂದು ಸಣ್ಣ ಚಮಚ ಹಸಿ ಎಣ್ಣೆ ಬಿಟ್ಟುಕೊಂಡರೆ ಮತ್ತೊಂದು 40. ಕರಾವಳಿಯವರ ಮನೆಯಲ್ಲಿ ಶೇಂಗಾದ ಜಾಗದಲ್ಲಿ ತೆಂಗಿನಕಾಯಿ ಕೂರುತ್ತದೆ. 100 ಗ್ರಾಂ ಹಸಿ ತುರಿಗೆ 350 ಕ್ಯಾಲರಿ.

ಎಣಗಾಯಿ ಬಿಡಿ ಎನ್ನುತ್ತಿಲ್ಲ. ಎಣ್ಣೆ ಎರಡು ದೊಡ್ಡ ಚಮಚಕ್ಕೆ ಇಳಿಸಿ, ಬದನೆಯನ್ನು ಮುಚ್ಚಳ ಮುಚ್ಚಿ ಅದರದೇ ಹಬೆಯಲ್ಲಿ ಅರ್ಧ ಬೇಯಿಸಿಕೊಳ್ಳಿ, ಮಸಾಲೆಗೆ ಶೇಂಗಾ 30 ಗ್ರಾಂ ಹಾಕಿ. ಮಸಾಲೆ ತೆಳುವಾಯಿತು ಅನಿಸಿದರೆ ಒಂದು ಚಮಚ ಹುರಿಗಡಲೆ ಹಿಟ್ಟು ಕಲಸಿದರೆ ಗಟ್ಟಿಯಾಗುತ್ತದೆ. ತಲೆಗೆ 180ಕ್ಕೆ ಬಂದು ನಿಲ್ಲುತ್ತದೆ. ಎಣ್ಣೆಯನ್ನು ಡಬ್ಬಿಯಿಂದ ನೇರ ಸುರಿಯಬಾರದು, ಚಮಚದಲ್ಲಿ ಅಳೆದೇ ಹಾಕಬೇಕು. ಸೌಟು ಅಳತೆಯಲ್ಲ.

ರೊಟ್ಟಿಯ ಮಾತು. ಜೋಳಕ್ಕೂ ಗೋಧಿಗೂ ಅಕ್ಕಿಗೂ 100 ಗ್ರಾಂ ಹಿಟ್ಟಿಗೆ ಹೆಚ್ಚುಕಡಿಮೆ 330–350 ಕ್ಯಾಲರಿಯೇ. ರೊಟ್ಟಿಗೆ ಎಣ್ಣೆ ಬೇಡ, ನಾರು ಹೆಚ್ಚು, ಹೊಟ್ಟೆ ತುಂಬಿದ ಭಾವನೆ ಬಹಳ ಹೊತ್ತು ಇರುತ್ತದೆ, ಅದೇ ಲಾಭ. ಆದರೆ ಕೈಯಲ್ಲಿ ಬಡಿದ ದೊಡ್ಡ ರೊಟ್ಟಿಗೆ 65–70 ಗ್ರಾಂ ಹಿಟ್ಟು ಹಿಡಿಯುತ್ತದೆ, ಎರಡಕ್ಕೆ 450 ಕ್ಯಾಲರಿ ದಾಟುತ್ತದೆ. ಒಂದು ಅಡುಗೆ ತಕ್ಕಡಿ ಕೊಳ್ಳಿ, ಒಂದು ಗ್ರಾಂವರೆಗೆ ತೋರಿಸುವಂಥದ್ದು. ಒಂದು ವಾರ ಒಣ ಹಿಟ್ಟನ್ನೇ ತೂಗಿ ನಾದಿ. 45 ಗ್ರಾಮಿನ ರೊಟ್ಟಿ ಎಷ್ಟಗಲ ಇರುತ್ತದೆ ಎಂದು ಕೈಗೆ ಗೊತ್ತಾದ ಮೇಲೆ ತಕ್ಕಡಿ ಬೇಕಾಗುವುದಿಲ್ಲ. ನೀವು ಬಿಟ್ಟ ಅನ್ನ ತಪ್ಪು ಮಾಡಿರಲಿಲ್ಲ. ಬೇಯಿಸಿದ ಅನ್ನ 100 ಗ್ರಾಮಿಗೆ 130 ಕ್ಯಾಲರಿ, ಆಸೆಯಾದರೆ ರೊಟ್ಟಿಯೊಂದರ ಬದಲು ಒಂದು ಸಣ್ಣ ವಾಟಿ ತಿನ್ನಬಹುದು.

ಮುಂಬಯಿಯಲ್ಲಿ ಇನ್ನೊಂದು ಬಲೆ ಇದೆ: ಉಪವಾಸ. ಸಂಕಷ್ಟಿಯ ದಿನ ‘ಏನೂ ತಿನ್ನಲಿಲ್ಲ, ಬರೀ ಸಾಬೂದಾಣಿ ಖಿಚಡಿ’ ಎನ್ನುತ್ತಾರೆ. ಸಾಬೂದಾಣಿ 50 ಗ್ರಾಂ, ಶೇಂಗಾ ಪುಡಿ 30 ಗ್ರಾಂ, ತುಪ್ಪ ಒಂದು ದೊಡ್ಡ ಚಮಚ, ಅರ್ಧ ಆಲೂಗಡ್ಡೆ. ಒಂದು ತಟ್ಟೆ 500 ಕ್ಯಾಲರಿ, ಅದರಲ್ಲಿ ಪ್ರೋಟೀನು ಹತ್ತು ಗ್ರಾಂ ಕೂಡ ಇಲ್ಲ. ಎರಡು ಹೊತ್ತು ತಿಂದರೆ ಉಪವಾಸ ಊಟವನ್ನೇ ಮೀರಿಸುತ್ತದೆ. ವಾರದ ಕೊನೆಯೂ ಹಾಗೇ. ಐದು ದಿನ 400ರಂತೆ ಉಳಿಸಿದ 2000 ಕ್ಯಾಲರಿಯನ್ನು ಶನಿವಾರದ ಪಾವ್‌ಭಾಜಿ, ಭಾನುವಾರದ ಮಿಸಳ್, ಸಂಜೆ ಫಡಕೆ ರೋಡಿನಿಂದ ತಂದ ಫರಸಾಣ್ (ಒಂದು ಮುಷ್ಟಿ, 30 ಗ್ರಾಂ, 160 ಕ್ಯಾಲರಿ) ಎಲ್ಲ ಸೇರಿ ಖಾಲಿ ಮಾಡಿಬಿಡುತ್ತವೆ. ಆದ್ದರಿಂದ ಅಳೆಯುವಾಗ ಶನಿವಾರ ಭಾನುವಾರ ಬಿಡಬೇಡಿ. ಆಫೀಸಿನ ಕಟಿಂಗ್ ಚಹಾ, ಮಕ್ಕಳ ತಟ್ಟೆಯಲ್ಲಿ ಉಳಿದದ್ದು, ರುಚಿ ನೋಡಿದ್ದು, ಎಲ್ಲ ಬರೆಯಿರಿ, ತಿಂದ ಕ್ಷಣವೇ. ರಾತ್ರಿ ನೆನಪಿಸಿಕೊಂಡು ಬರೆದರೆ ಚಹಾ ಮರೆತುಹೋಗಿರುತ್ತದೆ.

ನಡಿಗೆ ಒಳ್ಳೆಯದು, ಆದರೆ ತೂಕದ ವಿಷಯದಲ್ಲಿ ಅದರಿಂದ ಜಾಸ್ತಿ ನಿರೀಕ್ಷಿಸುತ್ತೀರಿ. 74 ಕಿಲೋದವರು 45 ನಿಮಿಷದಲ್ಲಿ ನಾಲ್ಕು ಕಿ.ಮೀ. ನಡೆದರೆ, ಕೂತಿದ್ದರೂ ಖರ್ಚಾಗುತ್ತಿದ್ದದ್ದನ್ನು ಕಳೆದು, ಹೆಚ್ಚುವರಿ ಖರ್ಚು 150 ಕ್ಯಾಲರಿ ಚಿಲ್ಲರೆ. ಒಂದು ವಡಾಪಾವ್ ಅದರ ಎರಡು ಪಟ್ಟು. ಟ್ರೆಡ್‌ಮಿಲ್, ಕೈಗಡಿಯಾರ ತೋರಿಸುವ ಅಂಕಿ ಸಾಮಾನ್ಯವಾಗಿ ಉದಾರವಾಗಿರುತ್ತದೆ, ಅದನ್ನು ನಂಬಿ ಊಟ ಹೆಚ್ಚಿಸಬೇಡಿ. ನಡಿಗೆಗೆ ವಾರದಲ್ಲಿ ಮೂರು ದಿನ ಸ್ನಾಯುವಿನ ಕೆಲಸ ಸೇರಿಸಿ: ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು 10 ಸಲ, ಅಡುಗೆ ಕಟ್ಟೆಗೆ ಕೈ ಊರಿ ದಂಡ 10 ಸಲ, ಎರಡು ಕೈಯಲ್ಲಿ ಎರಡೆರಡು ಲೀಟರಿನ ನೀರಿನ ಬಾಟಲಿ ಹಿಡಿದು ಮುಂದಕ್ಕೆ ಬಾಗಿ ಮೊಣಕೈ ಹಿಂದಕ್ಕೆ ಎಳೆಯುವುದು 10 ಸಲ. ಇದನ್ನು ಮೂರು ಸುತ್ತು ಮಾಡಿ, ಸುತ್ತಿನ ನಡುವೆ ಒಂದೆರಡು ನಿಮಿಷ ಬಿಡುವು. ಕೊನೆಯ ಎರಡು ಸಲ ಕಷ್ಟವಾಗಬೇಕು, ಆಗದಿದ್ದರೆ ಸಂಖ್ಯೆ ಹೆಚ್ಚಿಸಿ. ಇದಿಲ್ಲದೆ ಬರೀ ಊಟ ಕಡಿಮೆ ಮಾಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ.

ಸ್ನಾಯು ಉಳಿಯಲು ಪ್ರೋಟೀನು ಬೇಕು, ನಿಮಗೆ ದಿನಕ್ಕೆ 60–75 ಗ್ರಾಂ. ನಿಮ್ಮದೇ ಅಡುಗೆಮನೆಯಲ್ಲಿ ಇದು ಹೀಗೆ ಕೂಡುತ್ತದೆ: 50 ಗ್ರಾಂ ಬೇಳೆಯಲ್ಲಿ 11, ಮೊಳಕೆ ಬರಿಸಿದ ಮಡಕಿ ಕಾಳು (ಒಣ ಕಾಳಿನ ತೂಕ 50 ಗ್ರಾಂ) 11, ಎರಡು ಮೊಟ್ಟೆ 12, ಮೊಸರು 200 ಗ್ರಾಂ 6, ರೊಟ್ಟಿ ಚಪಾತಿಗಳಿಂದ 16. ಇಷ್ಟಕ್ಕೆ 56. ಮೊಟ್ಟೆ ತಿನ್ನದವರು 70 ಗ್ರಾಂ ಪನೀರ್ ಇಟ್ಟುಕೊಳ್ಳಲಿ, ಆದರೆ ಅದರ ಕೊಬ್ಬೂ ಲೆಕ್ಕಕ್ಕೆ ಬರಬೇಕು. 25 ಗ್ರಾಂ ಸೋಯಾ ಚಂಕ್ಸ್ ಸೇರಿಸಿದರೆ 13 ಗ್ರಾಂ ಬಂದು ಕೊರತೆ ತುಂಬುತ್ತದೆ. ನಿಮ್ಮ ಈಗಿನ ‘ಬೇಳೆ’ ನೀರುಸಾರಾದರೆ ಅದರಲ್ಲಿ 15 ಗ್ರಾಂ ಬೇಳೆಯೂ ಇರುವುದಿಲ್ಲ, ಪಾತ್ರೆಗೆ ಎಷ್ಟು ಹಾಕುತ್ತೀರಿ ನೋಡಿ.

ತೂಕದ ಮಷಿನ್ನಿನ ಬಗ್ಗೆಯೂ ಒಂದು ಮಾತು ಬೇಕು. ಮೊದಲ ತಿಂಗಳ ಮೂರು ಕಿಲೋದಲ್ಲಿ ಒಂದು ಭಾಗ ನೀರು. ಅನ್ನ, ಸಕ್ಕರೆ ಕಡಿಮೆಯಾದಾಗ ದೇಹದಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಪಿಷ್ಟ ಖರ್ಚಾಗುತ್ತದೆ, ಅದರ ಒಂದೊಂದು ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಹೊರಗೆ ಹೋಗುತ್ತದೆ. ಉಪ್ಪಿನಕಾಯಿ ಹಪ್ಪಳ ಜಾಸ್ತಿ ತಿಂದ ಮರುದಿನ, ಮುಟ್ಟಿನ ಮುಂಚಿನ ವಾರ, ಹೊಸ ವ್ಯಾಯಾಮ ಶುರುಮಾಡಿದ ಮೊದಲೆರಡು ವಾರ, ಒಂದೆರಡು ಕಿಲೋ ನೀರು ನಿಲ್ಲಬಹುದು. ಕೊಬ್ಬು ಕರಗುತ್ತಿದ್ದರೂ ಮುಳ್ಳು ಅಲ್ಲೇ ಇರುತ್ತದೆ. ಬೆಳಿಗ್ಗೆ ಶೌಚ ಮುಗಿಸಿ, ಏನೂ ಕುಡಿಯುವ ಮುಂಚೆ, ಅದೇ ಮಷಿನ್, ಅದೇ ನೆಲ (ಹಾಸಿಗೆ, ಕಾರ್ಪೆಟ್ ಮೇಲೆ ಬೇಡ). ವಾರದ ಏಳು ಅಂಕಿಗಳ ಸರಾಸರಿ ತೆಗೆಯಿರಿ, ಈ ವಾರದ ಸರಾಸರಿಯನ್ನು ಹೋದ ಮುಟ್ಟಿನ ಚಕ್ರದ ಅದೇ ವಾರದ ಸರಾಸರಿಯ ಜೊತೆ ಹೋಲಿಸಿ. ಜೊತೆಗೆ ಟೇಪು: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಟ್ಟನಡುವೆ, ಉಸಿರು ಹೊರಬಿಟ್ಟ ಮೇಲೆ ಅಳೆಯಬೇಕು. ನಮ್ಮ ಜನಕ್ಕೆ ಹೆಂಗಸರಲ್ಲಿ 80, ಗಂಡಸರಲ್ಲಿ 90 ಸೆಂ.ಮೀ. ದಾಟಿದರೆ ಹೆಚ್ಚು. ತೂಕ ನಿಂತಿದ್ದು ಸೊಂಟ ಎರಡು ಸೆಂ.ಮೀ. ಇಳಿದಿದ್ದರೆ ನಿಮ್ಮ ಕೆಲಸ ನಡೆಯುತ್ತಿದೆ.

ಇನ್ನು ಕಾಯಿಲೆಯ ವಿಚಾರ. ಥೈರಾಯ್ಡ್ ಕಡಿಮೆ ಇದ್ದರೂ ಅದರಿಂದ ಏರುವ ತೂಕ ಸಾಮಾನ್ಯವಾಗಿ 2ರಿಂದ 5 ಕಿಲೋ, ಅದರಲ್ಲೂ ಹೆಚ್ಚಿನದು ದೇಹದಲ್ಲಿ ನಿಂತ ಉಪ್ಪು ಮತ್ತು ನೀರು. ನಿಮ್ಮದು ನಾರ್ಮಲ್ ಬಂದಿದ್ದರೆ ತಿಂಗಳು ತಿಂಗಳು ಟೆಸ್ಟ್ ಮಾಡಿಸುವ ಅಗತ್ಯ ಇಲ್ಲ. ಮಾತ್ರೆಗಳ ಡಬ್ಬಿ ಮಾತ್ರ ಒಮ್ಮೆ ವೈದ್ಯರಿಗೆ ತೋರಿಸಿ. ಇನ್ಸುಲಿನ್, ಗ್ಲಿಮಿಪಿರೈಡ್, ಪಿಯೋಗ್ಲಿಟಜೋನ್, ಪ್ರೆಡ್ನಿಸೊಲೋನ್‌ನಂಥ ಸ್ಟಿರಾಯ್ಡ್, ಅಮಿಟ್ರಿಪ್ಟಿಲಿನ್, ಓಲಾಂಜಪಿನ್, ವ್ಯಾಲ್ಪ್ರೋಯೇಟ್, ಅಟೆನೊಲಾಲ್, ಇವೆಲ್ಲ ತೂಕ ಏರಿಸಬಲ್ಲವು. ನೀವಾಗಿಯೇ ನಿಲ್ಲಿಸಬಾರದು, ಬದಲಿ ಇದೆಯೇ ಎಂದು ಕೇಳಿ. ಮುಟ್ಟು ಅಸ್ತವ್ಯಸ್ತವಾಗಿ ಮುಖದಲ್ಲಿ ಕೂದಲು ಬರುತ್ತಿದ್ದರೆ, ಗೊರಕೆಯ ನಡುವೆ ಉಸಿರು ಕಟ್ಟುತ್ತದೆ ಎಂದು ಮನೆಯವರು ಹೇಳಿದರೆ, ಹೊಟ್ಟೆಯ ಮೇಲೆ ನೇರಳೆ ಗೆರೆಗಳು ಅಗಲವಾಗಿ ಮೂಡಿದರೆ ತಪಾಸಣೆ ಬೇಕೇ ಬೇಕು. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿ ಕಾಲು ಊದಿ ಏದುಸಿರು ಬಂದರೆ ಅದು ಕೊಬ್ಬಲ್ಲ, ಅಂದೇ ಆಸ್ಪತ್ರೆಗೆ ಹೋಗಿ.

ಬೆಳಗಿನ ಫಾಸ್ಟ್ ಲೋಕಲ್ ಹಿಡಿಯಲು ಐದಕ್ಕೆ ಎದ್ದು ರಾತ್ರಿ ಹನ್ನೆರಡಕ್ಕೆ ಮಲಗುವವರಾದರೆ ಅದನ್ನೂ ಬರೆದುಕೊಳ್ಳಿ. ಐದು ಗಂಟೆ ನಿದ್ದೆಯಲ್ಲಿ ಹಸಿವು ಹೆಚ್ಚುತ್ತದೆ, ಸಂಜೆ ಕೈ ಫರಸಾಣಿನ ಡಬ್ಬಿಗೇ ಹೋಗುತ್ತದೆ. ಒಂದು ಗಂಟೆ ಮುಂಚೆ ಮಲಗಲು ಬೆಳಗಿನ ನಡಿಗೆಯನ್ನು ಸಂಜೆ ಸ್ಟೇಷನ್ನಿನಿಂದ ಮನೆಯ ದಾರಿಗೆ ಹಾಕಿಕೊಂಡರೂ ನಷ್ಟವಿಲ್ಲ.

ಎರಡು ವಾರ ಅಳೆದ ಮೇಲೆ ದಿನದ ಸರಾಸರಿಯನ್ನು 1350–1400ಕ್ಕೆ ತನ್ನಿ, ನಾಲ್ಕು ವಾರ ಅಲ್ಲೇ ಇಡಿ. ವೈದ್ಯರನ್ನು ಕೇಳದೆ 1200ರ ಕೆಳಗೆ ಇಳಿಯಬೇಡಿ. ನಾಲ್ಕು ವಾರದ ನಂತರವೂ ತೂಕದ ಸರಾಸರಿ, ಸೊಂಟ ಎರಡೂ ಅಲ್ಲಾಡದಿದ್ದರೆ ಇನ್ನೊಂದು 120 ಕ್ಯಾಲರಿ ತೆಗೆಯಿರಿ. ಅದಕ್ಕೆ ರೊಟ್ಟಿ ಮುಟ್ಟಬೇಕಾಗಿಲ್ಲ. ಬೆಳಿಗ್ಗೆ ಒಗ್ಗರಣೆಗೆ ಒಂದು, ಚಪಾತಿಗೆ ಒಂದು, ರಾತ್ರಿ ಪಲ್ಯಕ್ಕೆ ಒಂದು, ನಿಮ್ಮ ಪಾಲಿನಿಂದ ಮೂರು ಸಣ್ಣ ಚಮಚ ಎಣ್ಣೆ ಕಡಿಮೆಯಾದರೆ ಅಷ್ಟೂ ಬಂತು.