ಇಸಿಜಿ ನಾರ್ಮಲ್ ಇದೆ, ಇನ್ನೂ ಯಾಕೆ ಹೆದರಬೇಕು?

ಪ್ರಶ್ನೆ: ನನಗೆ 46 ವರ್ಷ. ಹೋದ ತಿಂಗಳು ಚೆಕಪ್ ಮಾಡಿಸಿದಾಗ ಇಸಿಜಿ ನಾರ್ಮಲ್ ಬಂತು. ಈಗ ಒಂದು ವಾರದಿಂದ ಮೆಟ್ಟಿಲು ಹತ್ತುವಾಗ ಎದೆ ಹಿಡಿದ ಹಾಗಾಗುತ್ತದೆ. ಎರಡು ನಿಮಿಷ ನಿಂತರೆ ಹೋಗುತ್ತದೆ. ಗ್ಯಾಸ್ ಇರಬೇಕು ಅಂತಾರೆ ಮನೆಯವರು. ಇಸಿಜಿ ಸರಿ ಇದೆಯಲ್ಲ, ಸುಮ್ನೆ ಬಿಡಬಹುದಾ?

ಉತ್ತರ: ಬಿಡಬೇಡಿ. ಇವತ್ತೋ ನಾಳೆಯೋ ಡಾಕ್ಟರ್ ಹತ್ತಿರ ಹೋಗಿ. ಹತ್ತಿದರೆ ಬಿಗಿತ, ನಿಂತರೆ ಮಾಯ ಅನ್ನೋದು ಗ್ಯಾಸಿನ ನಡವಳಿಕೆ ಅಲ್ಲ. ನೀವು ಮೆಟ್ಟಿಲ ಮೇಲಿದ್ದೀರೋ ಕುರ್ಚಿಯಲ್ಲಿದ್ದೀರೋ ಅನ್ನುವುದು ಗ್ಯಾಸಿಗೆ ಹೇಗೆ ಗೊತ್ತಾಗಬೇಕು? ಹೃದಯಕ್ಕೆ ಗೊತ್ತಾಗುತ್ತದೆ. ಇದೇ ಬಿಗಿತ ಕೂತಲ್ಲೇ ಬಂದರೆ, ಇಲ್ಲವೇ ಹತ್ತು ನಿಮಿಷವಾದರೂ ಬಿಡದಿದ್ದರೆ, ಇಲ್ಲವೇ ಜೊತೆಗೆ ಬೆವರು, ಉಸಿರಾಟದ ತೊಂದರೆ, ಕೈಗೋ ದವಡೆಗೋ ಹರಡುವ ನೋವು ಇದ್ದರೆ ತಡ ಮಾಡದೆ ಆಂಬುಲೆನ್ಸ್ ಕರೆಸಿ. ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ.

ಈಗ ಆ ಇಸಿಜಿ ವಿಷಯಕ್ಕೆ ಬರೋಣ. ರಿಪೋರ್ಟ್ ತೆಗೆದು ನೋಡಿ. ಸಾಮಾನ್ಯವಾಗಿ ಗುಲಾಬಿ ಬಣ್ಣದ, ಚೌಕಳಿ ಚೌಕಳಿ ಹಾಳೆ. ಅದರಲ್ಲಿ ಒಂದು ಸಣ್ಣ ಚೌಕ ಅಂದರೆ ಒಂದು ಮಿಲಿಮೀಟರ್, ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗ. ಹಾಳೆ ಈ ತುದಿಯಿಂದ ಆ ತುದಿಗೆ ಮುಗಿಯುವಷ್ಟರಲ್ಲಿ ಹತ್ತು ಸೆಕೆಂಡ್ ಆಗಿರುತ್ತದೆ. ಒಂದು ದಿನದಲ್ಲಿ ಇಂಥ ಹತ್ತು ಸೆಕೆಂಡುಗಳು 8,640 ಇವೆ. ನಿಮ್ಮ ಕೈಯಲ್ಲಿರುವುದು ಅದರಲ್ಲಿ ಒಂದು. ಅದೂ ಹಾಸಿಗೆಯ ಮೇಲೆ ಆರಾಮಾಗಿ ಮಲಗಿದ್ದಾಗ ತೆಗೆದದ್ದು!

ಇಸಿಜಿ ಅಳೆಯುವುದು ಹೃದಯದ ಕರೆಂಟನ್ನು. ರಕ್ತನಾಳದ ಒಳಗೆ ಏನು ಕೂತಿದೆ ಅಂತ ಅದಕ್ಕೆ ಕಾಣುವುದಿಲ್ಲ. ಹೃದಯದ ಮಾಂಸಕ್ಕೆ ರಕ್ತ ಸಾಲದೇ ಹೋದಾಗ, ಅಥವಾ ಮುಂಚೆ ಯಾವಾಗಲೋ ಪೆಟ್ಟು ಬಿದ್ದಿದ್ದರೆ, ಗೆರೆ ಬದಲಾಗಬಹುದು. ಆದರೆ ನಾಳ ಮುಕ್ಕಾಲು ಭಾಗ ಕಿರಿದಾಗಿದ್ದರೂ ಮಲಗಿದ್ದಾಗ ಬೇಕಾಗುವಷ್ಟು ರಕ್ತ ಹೇಗೋ ಹೋಗುತ್ತಿರುತ್ತದೆ. ಮೆಟ್ಟಿಲು ಹತ್ತಿದಾಗ ಬೇಡಿಕೆ ಹಲವು ಪಟ್ಟು ಏರುತ್ತದೆ, ಆಗ ಗುಟ್ಟು ಹೊರಗೆ ಬರುತ್ತದೆ. ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ತೆಗೆಯುವುದು ಅದಕ್ಕೇ. ಆದರೆ ಯಾವ ಪರೀಕ್ಷೆ ಮೊದಲು ಅನ್ನುವುದನ್ನು ಡಾಕ್ಟರ್ ಹೇಳಲಿ. ಎದೆ ಹಿಡಿಯುತ್ತಿರುವಾಗ ನೀವೇ ಹೋಗಿ ಟ್ರೆಡ್‌ಮಿಲ್ ಹತ್ತಬೇಡಿ.

ರಕ್ತನಾಳವನ್ನು ಪಾಚಿ ಕಟ್ಟಿದ ನೀರಿನ ಪೈಪಿಗೆ ಹೋಲಿಸುವುದು ರೂಢಿ. ನನಗೆ ಆ ಹೋಲಿಕೆ ಅಷ್ಟು ಹಿಡಿಸುವುದಿಲ್ಲ. ಕೊಬ್ಬು ನಾಳದ ಒಳಮೈಗೆ ಅಂಟಿಕೊಳ್ಳುವುದಲ್ಲ, ಗೋಡೆಯ ಒಳಗೇ ನುಗ್ಗುತ್ತದೆ. ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟ್ರಾಲ್ ಅಲ್ಲಿ ಸೇರಿಕೊಳ್ಳುತ್ತದೆ. ಅದನ್ನು ತಿಂದು ತೆಗೆಯಲು ಬಿಳಿ ರಕ್ತಕಣಗಳು ಬರುತ್ತವೆ, ತಿಂದು ತಿಂದು ಊದಿ ಅಲ್ಲೇ ಸಾಯುತ್ತವೆ. ಮೇಲೆ ತೆಳು ಪೊರೆ, ಒಳಗೆ ಮೆತ್ತನೆ ಗಂಟು. ಬೂದಿ ಮುಚ್ಚಿದ ಕೆಂಡ ಅಂತಾರಲ್ಲ, ಹಾಗೆ. ಒಂದು ದಿನ ಆ ಪೊರೆ ಹರಿಯುತ್ತದೆ. ಗಾಯ ಆಯಿತು ಅಂದುಕೊಂಡು ರಕ್ತ ಅಲ್ಲಿ ಹೆಪ್ಪುಗಟ್ಟುತ್ತದೆ. ನಾಳದ ಅಗಲವೇ ಮೂರ್ನಾಲ್ಕು ಮಿಲಿಮೀಟರ್, ನಿಮಿಷಗಳಲ್ಲಿ ಮುಚ್ಚಿಹೋಗಬಹುದು. ಹರಿಯುವ ಗಂಟು ದೊಡ್ಡದೇ ಇರಬೇಕೆಂದಿಲ್ಲ. ನಾಳವನ್ನು ಅರ್ಧವೂ ಮುಚ್ಚದ ಗಂಟಿನಿಂದಲೂ ಹಾರ್ಟ್ ಅಟ್ಯಾಕ್ ಆಗುತ್ತದೆ. ಹಿಂದಿನ ದಿನ ಇಸಿಜಿ ನಾರ್ಮಲ್ ಇದ್ದವರಿಗೂ ಆಗುವುದು ಹೀಗೆ. ಅಟ್ಯಾಕ್ ಆಗುತ್ತಿರುವಾಗಲೇ ತೆಗೆದ ಮೊದಲ ಇಸಿಜಿಯೂ ಕೆಲವೊಮ್ಮೆ ನಾರ್ಮಲ್ ಬರುತ್ತದೆ. ಅದಕ್ಕೇ ಆಸ್ಪತ್ರೆಯಲ್ಲಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯುತ್ತಾರೆ, ಟ್ರೋಪೋನಿನ್ ಅನ್ನುವ ರಕ್ತ ಪರೀಕ್ಷೆಯನ್ನೂ ಮಾಡುತ್ತಾರೆ.

ಈ ಗಂಟು ರಾತ್ರೋರಾತ್ರಿ ಬೆಳೆಯುವುದಲ್ಲ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಕೊಯ್ದು ನೋಡಿದ ವರದಿ 1953ರಲ್ಲಿ ಬಂತು. ಅವರ ಸರಾಸರಿ ವಯಸ್ಸು ಬರೀ 22. ಮುಕ್ಕಾಲು ಪಾಲಿಗಿಂತ ಜಾಸ್ತಿ ಜನರ ನಾಳಗಳಲ್ಲಿ ಕಾಯಿಲೆಯ ಗುರುತು ಆಗಲೇ ಇತ್ತು. ಗಟ್ಟಿಮುಟ್ಟಾದ ಹುಡುಗರು, ಅಲ್ವಾ?

ಹಾಗಾಗಿ ಇಸಿಜಿಗಿಂತ ಮುಂಚೆ ಸುಳಿವು ಕೊಡುವುದು ಬೇರೆ ನಾಲ್ಕು ಸಂಗತಿ: ಬಿಪಿ, ಎಲ್‌ಡಿಎಲ್, ಶುಗರ್, ಸಿಗರೇಟು. ಇವು ಎಷ್ಟಿವೆ, ಎಷ್ಟು ವರ್ಷದಿಂದ ಇವೆ ಅನ್ನುವುದು ಮುಖ್ಯ. ಮನೆಯಲ್ಲಿ ತಂದೆಗೋ ಅಣ್ಣನಿಗೋ 55ರ ಒಳಗೆ, ತಾಯಿಗೋ ಅಕ್ಕನಿಗೋ 65ರ ಒಳಗೆ ಹೃದಯದ ಕಾಯಿಲೆ ಬಂದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ನಾಲ್ಕರಲ್ಲಿ ಬೇಗ ಫಲ ಕೊಡುವುದು ಸಿಗರೇಟು ಬಿಡುವುದು. ಬಿಟ್ಟು ಒಂದು ವರ್ಷವಾದರೆ, ಸೇದುವುದರಿಂದ ಬಂದಿದ್ದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ವ್ಯಾಯಾಮದ ಲೆಕ್ಕ ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ. ನೀವು ಮಾತ್ರ ಡಾಕ್ಟರ್ ನೋಡಿ ಹೂಂ ಅನ್ನುವವರೆಗೆ ಶುರು ಮಾಡಬೇಡಿ.

ಬಿಪಿಗೋ ಕೊಲೆಸ್ಟ್ರಾಲಿಗೋ ಮಾತ್ರೆ ಬರೆದುಕೊಟ್ಟರೆ, ನಂಬರ್ ಸರಿ ಬಂತು ಅಂತ ನೀವೇ ನಿಲ್ಲಿಸಬೇಡಿ. ಸರಿ ಬಂದಿರುವುದು ಮಾತ್ರೆಯಿಂದಲೇ.

ಹೋಗುವಾಗ ಆ ಹಳೆ ಇಸಿಜಿಯನ್ನೂ ತೆಗೆದುಕೊಂಡು ಹೋಗಿ. ಡಾಕ್ಟರ್ ಹೊಸದನ್ನು ತೆಗೆದು ಪಕ್ಕದಲ್ಲಿಟ್ಟು ನೋಡುತ್ತಾರೆ. ಗೆರೆ ಅರ್ಧ ಚೌಕ ಮೇಲಕ್ಕೋ ಕೆಳಕ್ಕೋ ಸರಿದಿದ್ದರೆ, ಹಳೆಯದು ಜೊತೆಗಿದ್ದಾಗಲೇ ಅದು ಕಣ್ಣಿಗೆ ಬೀಳುವುದು.