ಹುಳುಮನೆಯ ಸೀಮೆಎಣ್ಣೆ ಸ್ಟೌ: ಬಕೆಟ್ ನೀರು ವಿಷಗಾಳಿ ಕುಡಿಯುವುದಿಲ್ಲ

ಪ್ರಶ್ನೆ: ಅಣ್ಣಾ, ರೇಷ್ಮೆ ಹುಳು ಮೂರನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದಿದೆ. ರಾತ್ರಿ ಚಳಿ ಜಾಸ್ತಿ. ಹುಳುಮನೆಯಲ್ಲಿ ಸೀಮೆಎಣ್ಣೆ ಸ್ಟೌ ಹಚ್ಚಿ, ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟು, ಬಾಗಿಲು ಹಾಕಿಕೊಂಡು ಅಲ್ಲೇ ಮಲಗಿದರೆ ತೊಂದರೆ ಇಲ್ಲ ಅಲ್ವಾ?

ತೊಂದರೆ ಇದೆ. ಪ್ರಾಣಕ್ಕೇ ತೊಂದರೆ ಇದೆ. ಡಿಸೆಂಬರ್ ಬಂದರೆ ಶಿಡ್ಲಘಟ್ಟದಿಂದ, ಚಿಂತಾಮಣಿಯಿಂದ, ಮುಳಬಾಗಿಲಿನಿಂದ ಇದೇ ಪ್ರಶ್ನೆ ಬರುತ್ತದೆ. ಎಲ್ಲರ ಪ್ರಶ್ನೆಯಲ್ಲೂ ಆ ಬಕೆಟ್ ಇದ್ದೇ ಇರುತ್ತದೆ. ಎಷ್ಟು ಸಲ ಹೇಳಿದರೂ ಅದು ಹುಳುಮನೆಯಿಂದ ಆಚೆ ಹೋಗುತ್ತಿಲ್ಲ. ಅದಕ್ಕೇ ಈ ಸಲ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಹಚ್ಚುವ ವಿಷಯ ಮುಗಿಸಿಬಿಡೋಣ. ಸ್ಟೌ ತಣ್ಣಗಿರುವಾಗ, ಹೊರಗೆ ಅಂಗಳದಲ್ಲಿಟ್ಟು, ಆಲಿಕೆಯಲ್ಲಿ ಎಣ್ಣೆ ಹಾಕಿ. ಮುಕ್ಕಾಲು ಭಾಗ ಸಾಕು. ಸೀಮೆಎಣ್ಣೆ ಸಿಗಲಿಲ್ಲ ಅಂತ ಪೆಟ್ರೋಲ್ ಬೆರೆಸಬೇಡಿ, ಒಂದು ಲೋಟವೂ ಬೇಡ. ಹೊಸ ಬತ್ತಿ ಆದರೆ ಅರ್ಧ ಗಂಟೆ ನೆನೆಯಲಿ. ಬತ್ತಿಗಳ ತುದಿ ಒಂದೇ ಮಟ್ಟಕ್ಕೆ ಕತ್ತರಿಸಿ. ಒಂದು ಬತ್ತಿ ಎತ್ತರ ಇದ್ದರೂ ಅದೇ ಹೊಗೆ ಕಾರುತ್ತದೆ. ಹೊರಗೆ ಚೆಲ್ಲಿದ ಎಣ್ಣೆಯನ್ನು ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಹೊರಗೇ ಬಿಡಿ. ಸ್ಟೌ ಇಡುವ ಜಾಗದಲ್ಲಿ ಚಪ್ಪಡಿ ಕಲ್ಲಿರಲಿ. ಸುತ್ತ ಮೂರು ಅಡಿಯೊಳಗೆ ಕಡ್ಡಿ, ಪೇಪರ್, ಪ್ಲಾಸ್ಟಿಕ್ ಚಂದ್ರಿಕೆ (ಹುಳು ಗೂಡು ಕಟ್ಟುವ ತಟ್ಟೆ), ಊಜಿ ನೊಣ ತಡೆಯುವ ಬಲೆ ಯಾವುದೂ ಬೇಡ. ಬಾಗಿಲು ತೆರೆದಿಟ್ಟುಕೊಂಡೇ ಹಚ್ಚಿ. ಎಲ್ಲ ಬತ್ತಿಗೂ ಉರಿ ಹತ್ತಿದ ಮೇಲೆ ಮೇಲಿನ ಕೊಳವೆ ಕೂರಿಸಿ, ಅತ್ತ ಇತ್ತ ಸ್ವಲ್ಪ ತಿರುಗಿಸಿ. ಸರಿಯಾಗಿ ಕೂತರೆ ಉರಿ ನೀಲಿಗೆ ತಿರುಗುತ್ತದೆ. ಹಳದಿಯಾಗೇ ಇದ್ದರೆ ಬತ್ತಿ ಇಳಿಸಿ. ಉರಿಯುವ ಸ್ಟೌವನ್ನು ಎತ್ತಿಕೊಂಡು ಜಾಗ ಬದಲಿಸಬೇಡಿ, ಉರಿಯುವಾಗ ಎಣ್ಣೆ ಸುರಿಯಬೇಡಿ. ಬೆಂಕಿ ಹೊತ್ತಿಕೊಂಡರೆ ನೀರು ಬೇಡ, ಮರಳು ಹಾಕಿ. ಒಂದು ಪುಟ್ಟಿ ಮರಳು ಬಾಗಿಲ ಬಳಿ ಯಾವಾಗಲೂ ಇರಲಿ.

ಈಗ ಬಕೆಟ್.

ಉರಿಯುವಾಗ ಗಾಳಿ ಸಾಲದೆ ಹೋದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದೂ ಇಲ್ಲ. ಇದನ್ನು ನೀರು ಎಳೆದುಕೊಳ್ಳುತ್ತದೆ ಅನ್ನುವುದು ಜನರ ನಂಬಿಕೆ. ಲೆಕ್ಕ ನೋಡಿ. ಬೇರೆ ಗಾಳಿ ಒಂಚೂರೂ ಇಲ್ಲದೆ, ಬರೀ ಈ ವಿಷಗಾಳಿಯನ್ನೇ ನೀರಿನ ಮೇಲೆ ತುಂಬಿಟ್ಟರೂ ಒಂದು ಲೀಟರ್ ನೀರಿನಲ್ಲಿ ಕರಗುವುದು ಸುಮಾರು 28 ಮಿಲಿಗ್ರಾಂ. ಕೋಣೆಯ ಗಾಳಿಯಲ್ಲಿ ಸಾವಿರಕ್ಕೆ ಒಂದು ಪಾಲು ವಿಷ ಇದೆ ಅಂದುಕೊಳ್ಳಿ. ಮನುಷ್ಯನನ್ನು ಕೆಡವಲು ಅಷ್ಟು ಸಾಕು. ಆಗ ಲೀಟರಿಗೆ ಕರಗುವುದು ಆ 28ರಲ್ಲೂ ಸಾವಿರದ ಒಂದು ಪಾಲು. ಬಕೆಟ್ ಅಲ್ಲ, ತೊಟ್ಟಿ ತುಂಬ ನೀರಿಟ್ಟರೂ ಪ್ರಯೋಜನ ಇಲ್ಲ.

"ಇಲ್ಲ ಅಣ್ಣಾ, ಬೆಳಿಗ್ಗೆ ನೀರಿನ ಮೇಲೆ ಕಪ್ಪು ಪೊರೆ ಕಟ್ಟಿರುತ್ತೆ, ನಾನೇ ನೋಡಿದ್ದೀನಿ" ಅನ್ನುತ್ತಾರೆ. ನಾನೂ ನೋಡಿದ್ದೇನೆ. ಅದು ಮಸಿ ಮತ್ತು ಧೂಳು. ನಿಮ್ಮ ಬತ್ತಿ ಸರಿಯಿಲ್ಲ ಅನ್ನುವುದಕ್ಕೆ ಗುರುತು, ಅಷ್ಟೇ.

ಇನ್ನೊಂದು ಮಾತು ಕೇಳುತ್ತೇನೆ: ಹುಳು ಚೆನ್ನಾಗಿ ಸೊಪ್ಪು ತಿನ್ನುತ್ತಿತ್ತು, ಗಾಳಿ ಕೆಟ್ಟಿದ್ದರೆ ಹುಳು ಸಾಯುತ್ತಿರಲಿಲ್ವಾ? ಸಾಯಬೇಕಾಗಿಲ್ಲ. ಈ ವಿಷ ಹಿಡಿಯುವುದು ನಮ್ಮ ರಕ್ತದ ಹಿಮೋಗ್ಲೋಬಿನ್ ಅನ್ನು. ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಹಿಡಿಯುತ್ತದೆ. ರೇಷ್ಮೆ ಹುಳುವಿನ ರಕ್ತದಲ್ಲಿ ಹಿಮೋಗ್ಲೋಬಿನ್ ಇಲ್ಲ. ಅದರ ಪಕ್ಕೆಯಲ್ಲಿ ಸಾಲಾಗಿ ಕಪ್ಪು ಚುಕ್ಕೆಗಳಿವೆಯಲ್ಲ, ಒಂದೊಂದು ಬದಿಗೆ ಒಂಬತ್ತು? ಅವೇ ಮೂಗು. ಅಲ್ಲಿಂದ ಗಾಳಿ ನೇರವಾಗಿ ಮೈಯೊಳಗೆ ಹೋಗುತ್ತದೆ. ಹುಳು ಸೊಪ್ಪು ತಿನ್ನುತ್ತಲೇ ಇರುವಾಗ, ಪಕ್ಕದಲ್ಲಿ ಮಲಗಿದ ಮನುಷ್ಯ ಏಳದೇ ಹೋಗಬಹುದು.

ಒಂದು ಜನವರಿಯಲ್ಲಿ ಇದು ನನಗೇ ಆಗಿದೆ. ರಾತ್ರಿ ಎರಡು ಗಂಟೆಗೆ ಸೊಪ್ಪು ಹಾಕಲು ಎದ್ದೆ. ತಲೆ ಸಿಡಿಯುತ್ತಿತ್ತು, ಕಾಲಲ್ಲಿ ಶಕ್ತಿಯೇ ಇಲ್ಲ. ಹುಳು ಸಾಕುವ ಸ್ಟ್ಯಾಂಡ್ ಹಿಡಿದುಕೊಂಡು ಬಾಗಿಲವರೆಗೆ ಬಂದು ಚಿಲಕ ತೆಗೆದು, ಹೊರಗೆ ಕಲ್ಲಿನ ಮೇಲೆ ಕೂತು ವಾಂತಿ ಮಾಡಿದೆ. ಬಕೆಟ್ ನೀರು ಸ್ಟೌ ಪಕ್ಕದಲ್ಲೇ ಇತ್ತು.

ಒಂದು ಲೀಟರ್ ಸೀಮೆಎಣ್ಣೆ ಪೂರ್ತಿ ಉರಿಯಲು ಸುಮಾರು 10 ಘನ ಮೀಟರ್ ಗಾಳಿ ಬೇಕು. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಇರುವುದೇ 34. ಹಾಗಾಗಿ ಎದುರುಬದುರು ಗೋಡೆಯ ವೆಂಟಿಲೇಟರ್‌ಗಳು ಒಂದೊಂದು ಗೇಣಾದರೂ ತೆರೆದಿರಲಿ. ಊಜಿ ಬಲೆ ಹಾಗೇ ಇರಲಿ. ಸ್ವಲ್ಪ ಬಿಸಿ ಹೋಗುತ್ತದೆ, ಹೋಗಲಿ. ಸ್ಟೌ ಉರಿಯುವ ಕೋಣೆಯಲ್ಲಿ ಯಾರೂ ಮಲಗಬೇಡಿ. ತಲೆನೋವು ಶುರುವಾದರೆ ಮೊದಲು ಹೊರಗೆ ಬನ್ನಿ. ಯಾರಾದರೂ ಎಚ್ಚರ ತಪ್ಪಿದ್ದರೆ ಬಾಗಿಲು ತೆರೆದು ಹೊರಗೆ ಎಳೆದು 108ಕ್ಕೆ ಫೋನ್ ಮಾಡಿ.

ಹಾಗಾದರೆ ಹುಳುಮನೆಯಲ್ಲಿ ನೀರು ಇಡುವ ರೂಢಿ ಯಾಕೆ ಬಂತು? ಇದನ್ನು ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಅದು ಸೊಪ್ಪಿಗಾಗಿ. ಚಾಕಿ ಹುಳುವಿಗೆ, ಅಂದರೆ ಎಳೆ ಹುಳುವಿಗೆ, 27 ಡಿಗ್ರಿ ಬಿಸಿಯ ಜೊತೆಗೆ ಶೇಕಡಾ 80ಕ್ಕಿಂತ ಜಾಸ್ತಿ ತೇವ ಬೇಕು. 15 ಡಿಗ್ರಿಯ ಗಾಳಿಯನ್ನು 26ಕ್ಕೆ ಕಾಯಿಸಿದರೆ ಅದರ ತೇವದ ಅಳತೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ, ಎಳೆ ಸೊಪ್ಪು ಬಾಡುತ್ತದೆ. ಅದಕ್ಕೇ ನೀರು. ಆದರೆ ನಿಮ್ಮದು ದೊಡ್ಡ ಹುಳು, ಅದಕ್ಕೆ ಶೇಕಡಾ 70ರ ಆಸುಪಾಸು ಸಾಕು. ಮೇಲಾಗಿ ಒಂದು ಲೀಟರ್ ಸೀಮೆಎಣ್ಣೆ ಉರಿದರೆ ಅದರಿಂದಲೇ ಒಂದು ಲೀಟರಿಗೂ ಸ್ವಲ್ಪ ಜಾಸ್ತಿ ನೀರು ಆವಿಯಾಗಿ ಬರುತ್ತದೆ. ಬೆಳಿಗ್ಗೆ ಶೀಟಿನಿಂದ ಹನಿ ಬೀಳುವುದು ನೋಡಿದ್ದೀರಲ್ಲ? ಚಳಿಯಲ್ಲಿ ಹುಳುವಿನ ಹಾಸಿಗೆ ಒದ್ದೆಯಾದರೆ ಸುಣ್ಣಕಟ್ಟು ರೋಗ (ಹುಳು ಸತ್ತು ಸುಣ್ಣದ ಹಾಗೆ ಬಿಳಿಯಾಗುವ ಬೂಷ್ಟು ರೋಗ) ಬರುತ್ತದೆ. ಹುಳು ಮತ್ತೆ ಜ್ವರಕ್ಕೆ ಕೂತಾಗಂತೂ ನೀರು ಇಡಲೇಬೇಡಿ.

ಥರ್ಮಾಮೀಟರನ್ನು ಸ್ಟೌ ಮೇಲಿನ ಗೋಡೆಯಿಂದ ತೆಗೆದು, ಸ್ಟ್ಯಾಂಡಿನ ನಡುವಿನ ಅಂತಸ್ತಿಗೆ ಕಟ್ಟಿ. ಅಲ್ಲಿ 25 ತೋರಿಸಿತು ಅಂದರೆ ಬತ್ತಿ ಇಳಿಸಿ.