ಸನ್ನೆಕೋಲಿನ ಲೆಕ್ಕ: ಉತ್ತೇಜಕ ವ್ಯಸನದ ಔಷಧಿಗಳನ್ನು ಪ್ರಾಣಿಗಳಲ್ಲಿ ಪರೀಕ್ಷಿಸುವ ಬಗೆ

ಹೆರಾಯಿನ್‌ನಂಥ ಅಫೀಮು ವರ್ಗದ ಮಾದಕಗಳ ವ್ಯಸನಕ್ಕೆ ಮೆಥಡೋನ್, ಬ್ಯುಪ್ರೆನಾರ್ಫಿನ್, ನಾಲ್ಟ್ರೆಕ್ಸೋನ್ ಎಂಬ ಔಷಧಿಗಳಿವೆ. ಕೊಕೇನ್ ಮತ್ತು ಮೆಥಾಂಫೆಟಮಿನ್‌ನಂಥ ಉತ್ತೇಜಕಗಳ ವ್ಯಸನಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಇದುವರೆಗೆ ಒಂದು ಔಷಧಿಗೂ ಒಪ್ಪಿಗೆ ಕೊಟ್ಟಿಲ್ಲ. ಹಾಗೆಂದು ಪ್ರಾಣಿ ಪ್ರಯೋಗಾಲಯಗಳಲ್ಲಿ ಭರವಸೆಯ ಫಲಿತಾಂಶಗಳಿಗೆ ಬರವೇನೂ ಬಂದಿರಲಿಲ್ಲ. ಇಲಿಗಳಲ್ಲಿ ಕೆಲಸ ಮಾಡಿದ ಹತ್ತಾರು ಪದಾರ್ಥಗಳು ಮನುಷ್ಯರಲ್ಲಿ ಸೋತಿವೆ. ಈ ಸೋಲಿನ ಒಂದು ದೊಡ್ಡ ಪಾಲು ಇಲಿಯದಲ್ಲ, ಇಲಿಗೆ ನಾವು ಹಾಕುವ ಪ್ರಶ್ನೆಯದು ಎಂಬುದು ನನ್ನ ಅಭಿಪ್ರಾಯ.

ಮೊದಲು ಮಿದುಳಿನ ಮಾತು, ಚುಟುಕಾಗಿ. ನರಕೋಶವೊಂದು ಹೊರಗೆ ಬಿಟ್ಟ ಡೋಪಮೈನನ್ನು (ಬಯಕೆ, ಪ್ರತಿಫಲಗಳ ಸಂದೇಶ ಒಯ್ಯುವ ರಾಸಾಯನಿಕ) ಮತ್ತೆ ಒಳಗೆಳೆದುಕೊಳ್ಳುವ ಸಾಗಣೆ ಪ್ರೋಟೀನನ್ನು ಕೊಕೇನ್ ಅಡ್ಡಗಟ್ಟುತ್ತದೆ. ಆಂಫೆಟಮಿನ್ ಅದೇ ಪ್ರೋಟೀನಿನ ಮೂಲಕ ಒಳಹೊಕ್ಕು ಸಾಗಣೆಯ ದಿಕ್ಕನ್ನೇ ತಿರುಗಿಸುತ್ತದೆ. ಎರಡರಲ್ಲೂ ನರಕೋಶಗಳ ನಡುವಿನ ಸಂದಿಯಲ್ಲಿ ಡೋಪಮೈನ್ ಏರುತ್ತದೆ.

ಈ ಕ್ಷೇತ್ರದ ಮುಖ್ಯ ವಿಧಾನ ಸ್ವಯಂಸೇವನೆ, ಅಂದರೆ ಪ್ರಾಣಿಯೇ ಸನ್ನೆಕೋಲು ಒತ್ತಿ ಮಾದಕವನ್ನು ತನಗೆ ತಾನೇ ಕೊಟ್ಟುಕೊಳ್ಳುವುದು. ಜೇಮ್ಸ್ ವೀಕ್ಸ್ 1962ರಲ್ಲಿ ಮಾರ್ಫಿನ್ ಬಳಸಿ ಇದನ್ನು ಇಲಿಗಳಲ್ಲಿ ತೋರಿಸಿದರು. 1968ರಲ್ಲಿ ಪಿಕೆನ್ಸ್ ಮತ್ತು ಥಾಂಪ್ಸನ್ ಕೊಕೇನಿಗೆ ಅದನ್ನು ಅನ್ವಯಿಸಿದರು. ಇಲಿಯ ಕುತ್ತಿಗೆಯ ರಕ್ತನಾಳಕ್ಕೆ ತೆಳುವಾದ ಕೊಳವೆಯನ್ನು ಶಸ್ತ್ರಚಿಕಿತ್ಸೆಯಿಂದ ಕೂರಿಸಿ, ಅದರ ಇನ್ನೊಂದು ತುದಿಯನ್ನು ಚರ್ಮದಡಿಯಲ್ಲಿ ಹಾಯಿಸಿ ಬೆನ್ನಿನ ಮೇಲೆ ಹೊರತೆಗೆದು, ಇಲಿ ಸುತ್ತಾಡಿದರೂ ಸಿಕ್ಕಾಗದಂತೆ ತಿರುಗುವ ಜೋಡಣೆಯೊಂದರ ಮೂಲಕ ಪಂಪಿಗೆ ಸೇರಿಸುತ್ತಾರೆ. ಪೆಟ್ಟಿಗೆಯ ಗೋಡೆಯಲ್ಲಿ ಎರಡು ಸನ್ನೆಕೋಲುಗಳಿರುತ್ತವೆ. ಒಂದನ್ನು ಒತ್ತಿದರೆ ಸಣ್ಣ ದೀಪ ಹೊತ್ತಿ ಪಂಪು ಕೊಕೇನ್ ಹರಿಸುತ್ತದೆ. ಇನ್ನೊಂದನ್ನು ಒತ್ತಿದರೆ ಏನೂ ಆಗದು. ಈ ಎರಡನೆಯದು ನೆಪಮಾತ್ರಕ್ಕೆ ಇರುವುದಲ್ಲ: ಇಲಿ ಬೇಕೆಂದೇ ಒತ್ತುತ್ತಿದೆಯೋ, ಉತ್ತೇಜನದ ಚಡಪಡಿಕೆಯಲ್ಲಿ ಸಿಕ್ಕಿದ್ದನ್ನೆಲ್ಲ ಒತ್ತುತ್ತಿದೆಯೋ ಎಂಬುದು ಅದರ ಎಣಿಕೆಯಿಂದಲೇ ತಿಳಿಯುತ್ತದೆ.

ಈಗ ಪರೀಕ್ಷಿಸಬೇಕಾದ ಔಷಧಿಯನ್ನು ಕೊಟ್ಟೆವು, ಒತ್ತುವಿಕೆ ಅರ್ಧಕ್ಕೆ ಇಳಿಯಿತು ಎನ್ನೋಣ. ಔಷಧಿ ಫಲಿಸಿತೇ? ನಾವು ಕಲಿಯುವವರು ಅವಸರಪಡುವುದು ಇಲ್ಲಿಯೇ. ಕೊಕೇನಿನ ಪ್ರಮಾಣ ಮತ್ತು ಒತ್ತುವಿಕೆಯ ಸಂಖ್ಯೆಯ ನಕ್ಷೆ ನೇರ ಗೆರೆಯಲ್ಲ. ಅದು ತಲೆಕೆಳಗಾದ 'ಯು' ಆಕಾರದ್ದು. ತೀರಾ ಕಡಿಮೆ ಪ್ರಮಾಣಕ್ಕೆ ಇಲಿ ಒತ್ತುವುದಿಲ್ಲ, ಮಧ್ಯಮ ಪ್ರಮಾಣಕ್ಕೆ ಪದೇಪದೇ ಒತ್ತುತ್ತದೆ, ಹೆಚ್ಚಿನ ಪ್ರಮಾಣ ಸಿಕ್ಕಾಗ ಮತ್ತೆ ಕಡಿಮೆ ಒತ್ತುತ್ತದೆ. ನೀರಾದ ಕಾಫಿ ಕೊಟ್ಟರೆ ಇನ್ನೊಂದು ಲೋಟ ಕೇಳುವವರು ಗಟ್ಟಿ ಡಿಕಾಕ್ಷನ್ನಿನ ಕಾಫಿ ಸಿಕ್ಕರೆ ಒಂದಕ್ಕೇ ಸುಮ್ಮನಾಗುವ ಹಾಗೆ. ಆದ್ದರಿಂದ ಒತ್ತುವಿಕೆ ಇಳಿದದ್ದಕ್ಕೆ ಕನಿಷ್ಠ ಮೂರು ಅರ್ಥಗಳಿರಬಹುದು: ಕೊಕೇನಿನ ಆಕರ್ಷಣೆ ನಿಜಕ್ಕೂ ತಗ್ಗಿರಬಹುದು; ಔಷಧಿಯೇ ಕೊಕೇನಿನ ಪರಿಣಾಮವನ್ನು ಬಲಪಡಿಸಿ ಇಲಿಗೆ ಬೇಗ ಸಾಕೆನಿಸಿರಬಹುದು; ಅಥವಾ ಇಲಿ ಮಂಪರಿನಿಂದ ಮೂಲೆ ಹಿಡಿದಿರಬಹುದು. ಒಂದೇ ಪ್ರಮಾಣದ ಕೊಕೇನಿನಲ್ಲಿ ಮಾಡಿದ ಪ್ರಯೋಗವು ಈ ಮೂರನ್ನು ಬೇರ್ಪಡಿಸಲಾರದು. ನರಕೋಶದ ಮೇಲೆ ಡೋಪಮೈನನ್ನು ಹಿಡಿಯುವ ಗ್ರಾಹಕ ಪ್ರೋಟೀನುಗಳನ್ನು ತಡೆಯುವ ಔಷಧಿಯನ್ನು ಅಲ್ಪ ಪ್ರಮಾಣದಲ್ಲಿ ಕೊಟ್ಟಾಗ ಇಲಿ ಕೊರತೆಯನ್ನು ತುಂಬಿಕೊಳ್ಳಲು ಮೊದಲಿಗಿಂತ ಹೆಚ್ಚು ಒತ್ತುವುದೂ ಉಂಟು.

ಮಂಪರಿನ ಸಂಶಯವನ್ನು ನೀಗಿಸಲು ಅದೇ ಔಷಧಿಯನ್ನು ಆಹಾರಕ್ಕಾಗಿ ಸನ್ನೆಕೋಲು ಒತ್ತುವ ಇಲಿಗಳಿಗೂ ಕೊಟ್ಟು ನೋಡುತ್ತಾರೆ. ಅದಕ್ಕಿಂತ ಮುಂದಿನ ಹೆಜ್ಜೆ ಆಯ್ಕೆಯ ವಿಧಾನ. ಇದರಲ್ಲಿ ಪ್ರಾಣಿಯ ಮುಂದೆ ಕೊಕೇನ್ ಮತ್ತು ಆಹಾರ ಎರಡೂ ಒಟ್ಟಿಗೇ ಇರುತ್ತವೆ. ಎಷ್ಟು ಸಲ ಒತ್ತಿತು ಎನ್ನುವುದಕ್ಕಿಂತ ಯಾವುದನ್ನು ಆರಿಸಿತು ಎಂಬುದೇ ಅಳತೆ. ಮಂಪರಾದರೆ ಎರಡೂ ಇಳಿಯುತ್ತವೆ, ಪಾಲು ಬದಲಾಗದು. ಸಂಶೋಧಕ ನೆಗಸ್ 2003ರಲ್ಲಿ ಪ್ರಕಟಿಸಿದ ರೀಸಸ್ ಮಂಗಗಳ ಅಧ್ಯಯನದಲ್ಲಿ ಡಿ-ಆಂಫೆಟಮಿನನ್ನು (ಆಂಫೆಟಮಿನ್‌ನ ಒಂದು ರೂಪ) ಸತತವಾಗಿ ಕೊಟ್ಟಾಗ ಆಯ್ಕೆಯು ಕೊಕೇನಿನಿಂದ ಆಹಾರದ ಕಡೆಗೆ ಸರಿಯಿತು. ಡೋಪಮೈನ್ ತಡೆಯುವ ಫ್ಲುಪೆಂಥಿಕ್ಸಾಲ್ ಆ ಕೆಲಸ ಮಾಡಲಿಲ್ಲ. ಪರ್ಯಾಯದ ತೂಕ ಎಷ್ಟೆಂಬುದನ್ನು ಫ್ರಾನ್ಸಿನ ಬೋರ್ಡೊದಿಂದ 2007ರಲ್ಲಿ ಬಂದ ಅಧ್ಯಯನವೂ ತೋರಿಸಿತು: ಸ್ಯಾಕರಿನ್ ಬೆರೆಸಿದ ಸಿಹಿನೀರು ಮತ್ತು ಕೊಕೇನ್ ಇವೆರಡರಲ್ಲಿ ಬಹುಪಾಲು ಇಲಿಗಳು ಸಿಹಿನೀರನ್ನೇ ಆರಿಸಿದವು.

ಇನ್ನು ಮನುಷ್ಯರ ಲೆಕ್ಕ. ಇಲಿಗಳಲ್ಲಿ ಕೊಕೇನ್ ಸೇವನೆಯನ್ನು ಇಳಿಸಿದ್ದ ಬ್ಯಾಕ್ಲೋಫೆನ್ ಎಂಬ ಸ್ನಾಯು ಸಡಿಲಿಸುವ ಔಷಧಿ, 2009ರಲ್ಲಿ ಪ್ರಕಟವಾದ ಬಹುಕೇಂದ್ರ ಪ್ರಯೋಗದಲ್ಲಿ ಪ್ಲಸೀಬೊಗಿಂತ (ಔಷಧಾಂಶವಿಲ್ಲದ ಹುಸಿಮದ್ದು) ಮೇಲೆಂದು ಕಾಣಲಿಲ್ಲ. ಮನೋರೋಗಕ್ಕೆ ಕೊಡುವ ಅರಿಪಿಪ್ರಜೋಲ್ ಒಂದೇ ಸಲ ಕೊಟ್ಟಾಗ ಇಲಿಗಳು ಕೊಕೇನ್ ಹುಡುಕುವುದನ್ನು ತಗ್ಗಿಸಿತ್ತು. ಆಂಫೆಟಮಿನ್ ವ್ಯಸನಿಗಳ ಮೇಲೆ ಫಿನ್ಲೆಂಡಿನಲ್ಲಿ ನಡೆದು 2007ರಲ್ಲಿ ವರದಿಯಾದ ಪ್ರಯೋಗದಲ್ಲಿ ಅದು ಪ್ಲಸೀಬೊಗಿಂತಲೂ ಕೆಟ್ಟ ಫಲ ಕೊಟ್ಟದ್ದರಿಂದ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ರೋಗಿ ವಾರಗಟ್ಟಲೆ ಮಾತ್ರೆ ನುಂಗುತ್ತಾನೆ, ಇಲಿಗೆ ಮಾತ್ರ ಒಂದೇ ಚುಚ್ಚುಮದ್ದು ಕೊಟ್ಟು ತೀರ್ಮಾನಕ್ಕೆ ಬರುತ್ತಾರೆ. ಈ ಅಂತರವನ್ನು ಲೇಖನಗಳ ಸಾರಾಂಶ ಓದಿದರೆ ಕಾಣುವುದಿಲ್ಲ, ವಿಧಾನದ ಭಾಗಕ್ಕೇ ಹೋಗಬೇಕು. ಡೋಪಮೈನ್ ಸಾಗಣೆಯನ್ನು ತಡೆಯುವ ವ್ಯಾನಾಕ್ಸೆರಿನ್ ಎಡವಿದ ಕಾರಣ ಬೇರೆ: ಮಂಗಗಳಲ್ಲಿ ಅದು ಕೊಕೇನ್ ಸೇವನೆಯನ್ನು ಚೆನ್ನಾಗಿ ತಗ್ಗಿಸಿದರೂ, ಮನುಷ್ಯರ ಇಸಿಜಿಯಲ್ಲಿ ಕ್ಯೂಟಿ ಅವಧಿಯನ್ನು ಉದ್ದಮಾಡಿತು, ಅಂದರೆ ಹೃದಯದ ಬಡಿತ ಹದಗೆಡುವ ಅಪಾಯದ ಸೂಚನೆ ಕೊಟ್ಟಿತು. ಆಯ್ಕೆಯ ವಿಧಾನದಲ್ಲಿ ಗೆದ್ದ ಡಿ-ಆಂಫೆಟಮಿನ್ ಕೆಲವು ಚಿಕಿತ್ಸಾ ಪ್ರಯೋಗಗಳಲ್ಲೂ ಕೊಕೇನ್ ಬಳಕೆಯನ್ನು ಇಳಿಸಿತು. ಆದರೆ ಅದೂ ದುರ್ಬಳಕೆಗೆ ಒದಗುವ ಉತ್ತೇಜಕವೇ, ಮೇಲಾಗಿ ರಕ್ತದೊತ್ತಡ ಏರಿಸುವಂಥದ್ದು; ಆದ್ದರಿಂದ ವೈದ್ಯರು ಹಿಂಜರಿಯುವುದು ಸಹಜ.

ಮೆಥಾಂಫೆಟಮಿನ್ ವ್ಯಸನಕ್ಕೆ ನಾಲ್ಟ್ರೆಕ್ಸೋನ್ ಚುಚ್ಚುಮದ್ದು ಮತ್ತು ಖಿನ್ನತೆಗೆ ಕೊಡುವ ಬ್ಯುಪ್ರೋಪಿಯಾನ್ ಮಾತ್ರೆಗಳನ್ನು ಜೊತೆಯಾಗಿ ಕೊಟ್ಟು 403 ಮಂದಿಯ ಮೇಲೆ ನಡೆಸಿದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಚಿಕಿತ್ಸೆಗೆ ಸ್ಪಂದಿಸಿದವರು ಔಷಧಿಯ ಗುಂಪಿನಲ್ಲಿ ಶೇ. 13.6, ಪ್ಲಸೀಬೊ ಗುಂಪಿನಲ್ಲಿ ಶೇ. 2.5. ವ್ಯತ್ಯಾಸ ನಿಜ, ಆದರೂ ಔಷಧಿ ಪಡೆದ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಂದಿ ಸ್ಪಂದಿಸಲಿಲ್ಲ.

ನಮ್ಮ ಫಾರ್ಮಸಿ ಕಾಲೇಜುಗಳಲ್ಲಿ ರಕ್ತನಾಳಕ್ಕೆ ಕೊಳವೆ ಕೂರಿಸುವ ಸೌಲಭ್ಯ ಅಪರೂಪ. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಪಡೆದು ವಿದ್ಯಾರ್ಥಿಗಳು ಹೆಚ್ಚಾಗಿ ಕೈಗೆತ್ತಿಕೊಳ್ಳುವುದು ಆಕ್ಟೋಫೋಟೋಮೀಟರ್ ಎಂಬ ಬೆಳಕಿನ ಕಿರಣಗಳ ಉಪಕರಣದಲ್ಲಿ ಪ್ರಾಣಿಯ ಓಡಾಟ ಎಣಿಸುವುದು, ಇಲ್ಲವೇ ಮಾದಕ ಪಡೆದ ಕೋಣೆಯಲ್ಲಿ ಪ್ರಾಣಿ ಎಷ್ಟು ಹೊತ್ತು ಕಳೆಯುತ್ತದೆಂದು ಅಳೆಯುವ ಸ್ಥಳ ಒಲವಿನ ವಿಧಾನ. ಈ ಎರಡರಲ್ಲೂ ಮಾದಕವನ್ನು ಕೊಡುವುದು ಸಂಶೋಧಕನ ಕೈ. ಪ್ರಾಣಿ ಅದಕ್ಕಾಗಿ ದುಡಿಯುವುದಿಲ್ಲ, ಬೇರೊಂದನ್ನು ಬಿಟ್ಟು ಅದನ್ನು ಆರಿಸಿಕೊಳ್ಳುವುದೂ ಇಲ್ಲ. ಹಾಗಾಗಿ ಇಂಥ ಪ್ರಬಂಧದ ಕೊನೆಯಲ್ಲಿ 'ಸ್ಥಳದ ಒಲವು ತಗ್ಗಿತು' ಎಂದು ಬರೆಯಬಹುದು. 'ವ್ಯಸನ ಗುಣವಾಯಿತು' ಎಂದು ಬರೆಯಲು ಆಧಾರವಿಲ್ಲ.